ಕಾದು ಕುಳಿತವರ ಪರವಾಗಿ ಒಂದು ತನಿಖೆ: ‘ದಿ ಡ್ರೈನಿಂಗ್ ಲೇಕ್’

ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನ ದಕ್ಷಿಣಕ್ಕೆ, ಲಾವಾ ಕಲ್ಲಿನ ಬಯಲುಗಳ ನಡುವೆ, ಕ್ಲೇಫರ್‌ವಾಟ್ನ್ ಎಂಬ ಸರೋವರವಿದೆ. ಅದರಿಂದ ಹೊರಡುವ ಹೊಳೆಯೊಂದೂ ಕಣ್ಣಿಗೆ ಕಾಣುವುದಿಲ್ಲ; ನೀರು ತಳದಲ್ಲಿಯೇ ಇಂಗಿ ಹೋಗುತ್ತದೆ. 2000ದ ಜೂನ್ 17ರಂದು, ಆ ದೇಶದ ರಾಷ್ಟ್ರೀಯ ದಿನದಂದೇ, ದಕ್ಷಿಣ ಐಸ್‌ಲ್ಯಾಂಡಿನಲ್ಲಿ ದೊಡ್ಡ ಭೂಕಂಪವಾಯಿತು. ಸರೋವರದ ತಳದ ಬಿರುಕುಗಳು ಬಾಯ್ದೆರೆದವು, ನೀರಿನ ಮಟ್ಟ ತಿಂಗಳಿಂದ ತಿಂಗಳಿಗೆ ಇಳಿಯುತ್ತಾ ಹೋಯಿತು. ಇಷ್ಟು ವಾಸ್ತವ. ಆರ್ನಾಲ್ದುರ್ ಇಂದ್ರಿದಾಸೊನ್ ತಮ್ಮ ಕಾದಂಬರಿಯನ್ನು ಇಲ್ಲಿಂದಲೇ ಎತ್ತಿಕೊಳ್ಳುತ್ತಾರೆ. ನೀರಿನ ಮಟ್ಟವನ್ನು ಅಳೆಯಲು ಬಂದ ಜಲವಿಜ್ಞಾನಿಯೊಬ್ಬಳಿಗೆ ಒಣಗಿದ ತಳದಲ್ಲಿ ಎಲುಬುಗಳು ಕಾಣುತ್ತವೆ. ತಲೆಬುರುಡೆಯಲ್ಲಿ ತೂತಿದೆ. ಅಸ್ಥಿಪಂಜರವನ್ನು ಒಂದು ಭಾರವಾದ ಯಂತ್ರಕ್ಕೆ ಕಟ್ಟಲಾಗಿದೆ, ಯಂತ್ರದ ಮೇಲೆ ರಷ್ಯನ್ ಲಿಪಿಯ ಅಕ್ಷರಗಳಿವೆ. ಶವ ಮೇಲೇಳಬಾರದೆಂದು ಯಾರೋ ರೇಡಿಯೊ ಉಪಕರಣವನ್ನೇ ಕಲ್ಲುಗುಂಡಿನ ಬದಲಿಗೆ ಬಳಸಿದ್ದಾರೆ.

ನಾನು ಓದಿದ್ದು ಬರ್ನಾರ್ಡ್ ಸ್ಕಡರ್ ಅವರ ಇಂಗ್ಲಿಷ್ ಅನುವಾದವನ್ನು. ಮೂಲ ಕೃತಿ 2004ರಲ್ಲಿ ಆ ಸರೋವರದ ಹೆಸರಿನಲ್ಲಿಯೇ ಪ್ರಕಟವಾಯಿತು. ಇಂಗ್ಲಿಷಿಗೆ ಬಂದದ್ದು 2007ರಲ್ಲಿ. ಮಂಗಳೂರಿನ ಪುಸ್ತಕದಂಗಡಿಗಳಲ್ಲಿ ಸ್ವೀಡನ್ ಮತ್ತು ನಾರ್ವೆಯ ಪತ್ತೇದಾರಿ ಕಾದಂಬರಿಗಳು ಕಣ್ಣಿಗೆ ಬೀಳುವಷ್ಟು ಸುಲಭವಾಗಿ ಐಸ್‌ಲ್ಯಾಂಡಿನವು ಬೀಳುವುದಿಲ್ಲ, ಕೇಳಿ ತರಿಸಿಕೊಳ್ಳಬೇಕಾಗುತ್ತದೆ. ತರಿಸಿಕೊಳ್ಳುವಷ್ಟು ಶ್ರಮಕ್ಕೆ ಈ ಪುಸ್ತಕ ಅರ್ಹವಾಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ, ಮತ್ತು ಅದಕ್ಕೆ ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕೆನಿಸುತ್ತದೆ.

ಆರ್ನಾಲ್ದುರ್ 1961ರಲ್ಲಿ ರೇಕ್ಯಾವಿಕ್‌ನಲ್ಲಿ ಹುಟ್ಟಿದವರು. ಪತ್ರಕರ್ತರಾಗಿ, ಸಿನಿಮಾ ವಿಮರ್ಶಕರಾಗಿ ದುಡಿದು, 1997ರಲ್ಲಿ ಎರ್ಲೆಂಡುರ್ ಎಂಬ ಪೊಲೀಸ್ ಅಧಿಕಾರಿಯನ್ನು ಕೇಂದ್ರವಾಗಿಟ್ಟುಕೊಂಡ ಕಾದಂಬರಿ ಮಾಲೆಯನ್ನು ಆರಂಭಿಸಿದರು. ನಾರ್ಡಿಕ್ ದೇಶಗಳ ಅಪರಾಧ ಸಾಹಿತ್ಯಕ್ಕೆ ಕೊಡುವ ‘ಗ್ಲಾಸ್ ಕೀ’ ಪ್ರಶಸ್ತಿ ಅವರಿಗೆ 2002 ಮತ್ತು 2003ರಲ್ಲಿ ಸಾಲಾಗಿ ಬಂದಿತು. ಬ್ರಿಟನ್ನಿನ ‘ಗೋಲ್ಡ್ ಡ್ಯಾಗರ್’ 2005ರಲ್ಲಿ ಸಂದಿತು. ‘ದಿ ಡ್ರೈನಿಂಗ್ ಲೇಕ್’ ಆ ಮಾಲೆಯ ಆರನೆಯ ಪುಸ್ತಕ, ಇಂಗ್ಲಿಷಿನಲ್ಲಿ ಸಿಗುವವುಗಳ ಪೈಕಿ ನಾಲ್ಕನೆಯದು. ಹಿಂದಿನವುಗಳನ್ನು ಓದದಿದ್ದರೂ ಇದನ್ನು ಓದಬಹುದು.

ಪತ್ತೇದಾರಿ ಕಾದಂಬರಿಯಲ್ಲಿ ಶವ ಸಿಕ್ಕಿದ ಮೇಲೆ ಕೊಲೆಗಾರ ಯಾರು ಎಂಬ ಪ್ರಶ್ನೆ ಏಳುವುದು ವಾಡಿಕೆ. ಬಾಡಿಗೆ ಗ್ರಂಥಾಲಯಗಳಿಂದ ಕನ್ನಡದ ಪತ್ತೇದಾರಿ ಕಾದಂಬರಿಗಳನ್ನು ತಂದು ಒಂದೇ ರಾತ್ರಿಯಲ್ಲಿ ಮುಗಿಸುತ್ತಿದ್ದ ನಮ್ಮ ತಲೆಮಾರಿನವರು ಆ ಪ್ರಶ್ನೆಯ ಹಿಂದೆಯೇ ಓಡಿದವರು. ಇಲ್ಲಿ ಸತ್ತವನು ಯಾರು ಎಂಬುದೇ ಗೊತ್ತಿಲ್ಲ. ಎಲುಬುಗಳು ದಶಕಗಳಷ್ಟು ಹಳೆಯವು, ಗುರುತಿನ ಚೀಟಿಯಿಲ್ಲ, ದೂರುದಾರರಿಲ್ಲ. ಹಾಗಾಗಿ ಎರ್ಲೆಂಡುರ್ ಮತ್ತು ಅವನ ಸಹೋದ್ಯೋಗಿಗಳಾದ ಎಲಿನ್‌ಬೋರ್ಗ್ ಹಾಗೂ ಸಿಗುರ್ದುರ್ ಓಲಿ ಹಿಮ್ಮುಖವಾಗಿ ನಡೆಯಬೇಕಾಗುತ್ತದೆ. ಮೊದಲು ಯಂತ್ರದ ಕಾಲವನ್ನು ಅಂದಾಜು ಮಾಡುತ್ತಾರೆ, ಆ ಕಾಲದ ಆಸುಪಾಸಿನಲ್ಲಿ ಕಾಣೆಯಾದವರ ಹಳೆಯ ಕಡತಗಳನ್ನು ತೆಗೆಸುತ್ತಾರೆ, ಕಡತದಲ್ಲಿರುವ ಪ್ರತಿಯೊಂದು ಹೆಸರಿನ ಹಿಂದಿರುವ ಮನೆಯ ಬಾಗಿಲನ್ನು ಹೋಗಿ ತಟ್ಟುತ್ತಾರೆ. ಆ ದೇಶದ ಇಡೀ ಜನಸಂಖ್ಯೆ ನಮ್ಮ ಮಂಗಳೂರು ನಗರದ್ದಕ್ಕಿಂತಲೂ ಕಡಿಮೆ. ಅಷ್ಟು ಚಿಕ್ಕ ಸಮಾಜದಲ್ಲಿಯೂ ಮನುಷ್ಯರು ಸುದ್ದಿಯಿಲ್ಲದೆ ಕಾಣೆಯಾಗುತ್ತಾರೆ. ಕಾಣೆಯಾದ ಮೇಲೆ ಎರಡು ವಾರ ಹುಡುಕಾಟ ನಡೆಯುತ್ತದೆ, ಸಮುದ್ರಕ್ಕೆ ಹಾರಿರಬಹುದು, ಹಿಮದಲ್ಲಿ ಸಿಕ್ಕಿರಬಹುದು ಎಂದು ಬರೆದು ಕಡತ ಮುಚ್ಚಲಾಗುತ್ತದೆ. ಮುಚ್ಚಿದ ಕಡತದ ಇನ್ನೊಂದು ತುದಿಯಲ್ಲಿ ಯಾರೋ ಒಬ್ಬರು ಇನ್ನೂ ಕಾಯುತ್ತಿರುತ್ತಾರೆ ಎಂಬುದು ಎರ್ಲೆಂಡುರ್‌ಗೆ ಮಾತ್ರ ಮರೆಯುವುದಿಲ್ಲ. ಈ ಕಾದಂಬರಿಯ ನಿಜವಾದ ವಸ್ತು ಅದೇ: ಹೋದವನ ಕಥೆಯನ್ನು ಉಳಿದವರ ಬದುಕಿನಲ್ಲಿ ಹುಡುಕುವುದು.

ಕಡತಗಳಲ್ಲಿ ಒಂದು ಅವನನ್ನು ಹಿಡಿದು ನಿಲ್ಲಿಸುತ್ತದೆ. ಬಹಳ ವರ್ಷಗಳ ಹಿಂದೆ ಲಿಯೊಪೋಲ್ಡ್ ಎಂಬ ಮಾರಾಟಗಾರ ಕಾಣೆಯಾಗಿದ್ದ. ಟ್ರ್ಯಾಕ್ಟರ್ ಮೊದಲಾದ ಕೃಷಿ ಯಂತ್ರಗಳನ್ನು ಹಳ್ಳಿಯ ರೈತರಿಗೆ ಮಾರುವುದು ಅವನ ಕೆಲಸ. ಅವನ ಕಪ್ಪು ಫೋರ್ಡ್ ಫಾಲ್ಕನ್ ಕಾರು ಬಸ್ ನಿಲ್ದಾಣದ ಎದುರು ನಿಂತಿತ್ತು. ಎಲ್ಲೋ ಬಸ್ ಹತ್ತಿ ಹೋಗಿರಬೇಕೆಂದು ಆಗಿನ ಪೊಲೀಸರು ಊಹಿಸಿದರು. ಆದರೆ ಕಾರಿನ ಒಂದು ಚಕ್ರದ ಮುಚ್ಚಳ ಇರಲಿಲ್ಲ. ಆ ಕಾರು ಅವನಿಗೆ ಎಷ್ಟು ಅಚ್ಚುಮೆಚ್ಚಿನದಾಗಿತ್ತೆಂದು ತಿಳಿದಾಗ, ಮುಚ್ಚಳವೊಂದು ಬಿದ್ದುಹೋದರೂ ತಿರುಗಿ ನೋಡದೆ ಅವನು ಓಡಿಸಿಕೊಂಡು ಬಂದನೆಂಬುದು ಎರ್ಲೆಂಡುರ್‌ಗೆ ಒಪ್ಪಿಗೆಯಾಗುವುದಿಲ್ಲ. ಅಂಗೈಯಗಲದ ಆ ತಗಡಿನ ತುಂಡು ಎಲ್ಲಿ ಬಿತ್ತು, ಯಾವಾಗ ಬಿತ್ತು, ಆಗ ಕಾರನ್ನು ಓಡಿಸುತ್ತಿದ್ದವರು ಯಾರು ಎಂಬುದನ್ನು ಹಿಡಿದು ಅವನು ಕಾದಂಬರಿಯುದ್ದಕ್ಕೂ ನಡೆಯುತ್ತಾನೆ. ಸಹೋದ್ಯೋಗಿಗಳು ಬೇಸತ್ತುಕೊಳ್ಳುತ್ತಾರೆ, ಸರೋವರದ ಎಲುಬಿಗೂ ಈ ಮುಚ್ಚಳಕ್ಕೂ ಏನು ಸಂಬಂಧವೆಂದು ಕೇಳುತ್ತಾರೆ. ಓದುಗನಿಗೂ ಒಂದು ಹಂತದಲ್ಲಿ ಅದೇ ಪ್ರಶ್ನೆ ಬರುತ್ತದೆ. ನಾನು ಆ ಹಂತದಲ್ಲಿ ಪುಸ್ತಕ ಕೆಳಗಿಡದಂತೆ ಮಾಡಿದ್ದು ಲಿಯೊಪೋಲ್ಡ್‌ನ ಪ್ರೇಯಸಿಯ ಪಾತ್ರ.

ಅವಳು ಆ ದಿನಗಳಲ್ಲಿ ಹಾಲಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವಳು. ಅವನು ಬರಬೇಕಾಗಿತ್ತು, ಬರಲಿಲ್ಲ. ಇಷ್ಟೇ ಅವಳ ಕಥೆ. ದಶಕಗಳ ನಂತರ ಎರ್ಲೆಂಡುರ್ ಅವಳನ್ನು ಕಾಣಲು ಹೋದಾಗ ಆಕೆ ವಯಸ್ಸಾದ ಹೆಂಗಸು. ಪ್ರಶ್ನೆಗಳಿಗೆ ಆಕೆ ಕೊಡುವ ಉತ್ತರಗಳಲ್ಲಿ ಅಳುವಿಲ್ಲ, ದೂರಿಲ್ಲ. ಹಿಂದೆ ಪೊಲೀಸರಿಗೆ ಹೇಳಿದ್ದನ್ನೇ ಅಷ್ಟೇ ಸೌಜನ್ಯದಿಂದ ಮತ್ತೊಮ್ಮೆ ಹೇಳುತ್ತಾಳೆ. ಅವನು ತನ್ನನ್ನು ಬಿಟ್ಟು ಓಡಿಹೋದನೇ, ಸತ್ತನೇ, ಅವನು ಹೇಳಿದ್ದರಲ್ಲಿ ಏನಾದರೂ ನಿಜವಿತ್ತೇ ಎಂಬ ಮೂರು ಪ್ರಶ್ನೆಗಳ ನಡುವೆ ಆಕೆಯ ಆಯುಷ್ಯವೇ ಕಳೆದಿದೆ. ಸತ್ತನೆಂದು ಖಚಿತವಾದರೆ ಒಂದು ರೀತಿಯ ದುಃಖ, ಬಿಟ್ಟುಹೋದನೆಂದು ಖಚಿತವಾದರೆ ಇನ್ನೊಂದು ರೀತಿಯ ದುಃಖ. ಎರಡೂ ಖಚಿತವಾಗದಿದ್ದರೆ ದುಃಖಪಡಲೂ ಅಧಿಕಾರವಿಲ್ಲದ ಸ್ಥಿತಿ. ಈ ಸ್ಥಿತಿಯನ್ನು ಆರ್ನಾಲ್ದುರ್ ವಿವರಿಸಲು ಹೋಗುವುದಿಲ್ಲ. ಆಕೆಯ ಮನೆಗೆ ಎರ್ಲೆಂಡುರ್ ಮತ್ತೆ ಹೋಗುತ್ತಾನೆ, ಇನ್ನೊಂದು ಸಣ್ಣ ಸಂಗತಿ ಕೇಳುತ್ತಾನೆ, ಹಿಂದಿರುಗುತ್ತಾನೆ. ಅಷ್ಟರಲ್ಲಿಯೇ ಎಲ್ಲವೂ ನಮಗೆ ತಲುಪಿರುತ್ತದೆ.

ಕರಾವಳಿಯ ಓದುಗರಿಗೆ ಈ ಭಾಗ ಬೇರೆಯವರಿಗಿಂತ ಹೆಚ್ಚು ಹತ್ತಿರದಲ್ಲಿ ತಾಗುತ್ತದೆ ಎಂದು ನಾನು ನಂಬಿದ್ದೇನೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ಮೀನುಗಾರಿಕಾ ದೋಣಿ ಏಳು ಮಂದಿಯೊಡನೆ ಸಂಪರ್ಕ ಕಳೆದುಕೊಂಡಾಗ ಉಡುಪಿ ಮತ್ತು ಉತ್ತರ ಕನ್ನಡದ ಅವರ ಮನೆಗಳಲ್ಲಿ ಕಳೆದ ದಿನಗಳನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದವರು. ಮುಂದಿನ ವರ್ಷದ ಮೇ ತಿಂಗಳ ಆರಂಭದಲ್ಲಿ ನೌಕಾಪಡೆಗೆ ಮಹಾರಾಷ್ಟ್ರದ ಮಾಲ್ವಣ್ ಕರಾವಳಿಯಾಚೆ ದೋಣಿಯ ಅವಶೇಷ ಸಿಗುವವರೆಗೆ, ಅಂದರೆ ನಾಲ್ಕು ತಿಂಗಳಿಗೂ ಮೀರಿ, ಆ ಮನೆಗಳವರು ಯಾವ ಅಪರಕ್ರಿಯೆಯನ್ನೂ ಮಾಡಲಾರದೆ, ಯಾವ ಆಸೆಯನ್ನೂ ಬಿಡಲಾರದೆ ಇದ್ದರು. ಕಡಲಿಗೆ ಹೋದವರು ಹಿಂದಿರುಗದಿರುವುದು ಬೋಳಾರದಿಂದ ಬೈಂದೂರಿನವರೆಗಿನ ಯಾವ ಮೊಗವೀರ ಪಟ್ಣಕ್ಕೂ ಹೊಸದಲ್ಲ. ಆದರೂ ಪ್ರತಿ ಸಲವೂ ಅದೇ ತೊಡಕು: ಶವವಿಲ್ಲದೆ ಸಾವನ್ನು ಹೇಗೆ ಒಪ್ಪುವುದು?

ಕಾನೂನಿಗೆ ತನ್ನದೇ ಉತ್ತರವಿದೆ. ಏಳು ವರ್ಷ ಕಾಲ ಒಬ್ಬನ ಸುದ್ದಿ ಸಹಜವಾಗಿ ಕೇಳಬೇಕಾಗಿದ್ದವರಿಗೆ ಕೇಳಿಬಾರದಿದ್ದರೆ, ಅವನು ಬದುಕಿದ್ದಾನೆನ್ನುವವರೇ ಅದನ್ನು ಸಾಬೀತು ಮಾಡಬೇಕೆಂದು 1872ರ ಸಾಕ್ಷ್ಯ ಅಧಿನಿಯಮದ 108ನೇ ಕಲಮು ಹೇಳುತ್ತಿತ್ತು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಕಲಮಿನಲ್ಲಿ ಅದೇ ವಿಚಾರ ಮುಂದುವರಿದಿದೆ. ಶಾಸ್ತ್ರಕ್ಕೂ ಉತ್ತರವಿದೆ: ಪಲಾಶದ ಎಲೆಗಳಿಂದ ಪ್ರತಿಕೃತಿ ಮಾಡಿ ದಹಿಸಿ ಅಪರಕ್ರಿಯೆ ನಡೆಸುವ ಕ್ರಮ ನಮ್ಮ ಕಡೆಯ ಪುರೋಹಿತರಿಗೆ ಚೆನ್ನಾಗಿ ಗೊತ್ತು, ಅದಕ್ಕೆ ಮೊದಲು ಹನ್ನೆರಡು ವರ್ಷ ಕಾಯುವ ರೂಢಿಯೂ ಇತ್ತು. ತುಳುವಿನ ಹಾಡುಗತೆಗಳಾದ ಪಾಡ್ದನಗಳಿಗೆ ಇನ್ನೂ ಬೇರೆಯ ಉತ್ತರವಿದೆ. ಕೆಲಸಕ್ಕೆಂದು ಹೋದ ಅಣ್ಣ ಕಲ್ಕುಡ ಮನೆಗೆ ಮರಳದಿದ್ದಾಗ ತಂಗಿ ಕಲ್ಲುರ್ಟಿ ಅವನನ್ನು ಹುಡುಕಿಕೊಂಡು ಹೊರಡುತ್ತಾಳೆ. ಕಾರ್ಕಳದ ಗೊಮ್ಮಟನನ್ನು ಕಡೆದ ಕೈಯನ್ನೂ ಕಾಲನ್ನೂ ಅರಸ ಕಡಿಸಿದನೆಂದು ತಿಳಿಯುತ್ತಾಳೆ. ಕೊನೆಗೆ ಅಣ್ಣ ತಂಗಿ ಇಬ್ಬರೂ ಮಾಯಕ್ಕೆ ಸಂದು ದೈವಗಳಾಗಿ ಅರಸನ ಬಳಿ ಲೆಕ್ಕ ಕೇಳುತ್ತಾರೆ. ತುಳುನಾಡಿನ ಕಲ್ಪನೆಯಲ್ಲಿ ಮರೆಯಾದವರಿಗೆ ಮರಳಿ ಬಂದು ನ್ಯಾಯ ಕೇಳುವ ದಾರಿಯೊಂದಿದೆ. ಕೋಲದ ಕಣದಲ್ಲಿ ಅವರು ಮಾತನಾಡುತ್ತಾರೆ, ಊರು ಕೈಮುಗಿದು ಕೇಳುತ್ತದೆ. ಎರ್ಲೆಂಡುರ್‌ನ ಐಸ್‌ಲ್ಯಾಂಡಿನಲ್ಲಿ ಮರೆಯಾದವರು ಬಾಯಿ ತೆರೆಯುವುದಿಲ್ಲ. ಅವರ ಪರವಾಗಿ ಮಾತನಾಡಲು ಒಬ್ಬ ಒಂಟಿ ಪೊಲೀಸ್ ಅಧಿಕಾರಿ ಮಾತ್ರ ಇದ್ದಾನೆ, ಅವನ ಕೈಯಲ್ಲಿ ಇರುವುದು ಚಕ್ರದ ಮುಚ್ಚಳದ ವಿಚಾರವೊಂದೇ. ಈ ಕೊರತೆಯನ್ನು ನೆನಪಿಟ್ಟುಕೊಂಡು ಓದಿದರೆ ಅವನ ಹಟ ನಮಗೆ ವಿಚಿತ್ರವಾಗಿ ಕಾಣುವುದಿಲ್ಲ.

ಕಾದಂಬರಿಯ ಇನ್ನೊಂದು ಎಳೆ ಜರ್ಮನಿಯಲ್ಲಿ ನಡೆಯುತ್ತದೆ. 1950ರ ದಶಕದಲ್ಲಿ ಐಸ್‌ಲ್ಯಾಂಡಿನ ಸಮಾಜವಾದಿ ಕುಟುಂಬಗಳ ಹುಡುಗ ಹುಡುಗಿಯರು ಪೂರ್ವ ಜರ್ಮನಿಯ ಲೈಪ್‌ಜಿಗ್‌ಗೆ ಓದಲು ಹೋಗುತ್ತಾರೆ. ಅಲ್ಲಿನ ಹಳೆಯ ವಿಶ್ವವಿದ್ಯಾಲಯಕ್ಕೆ 1953ರಲ್ಲಿ ಕಾರ್ಲ್ ಮಾರ್ಕ್ಸ್ ಹೆಸರಿಟ್ಟಿದ್ದರು. ಯುದ್ಧದಲ್ಲಿ ಕುಸಿದ ಕಟ್ಟಡಗಳು ಇನ್ನೂ ಹಾಗೆಯೇ ಇವೆ, ತಿನ್ನಲು ಬೇಕಾದಷ್ಟು ಸಿಗುವುದಿಲ್ಲ, ವಸತಿಗೃಹ ಚಳಿಯಿಂದ ಕೊರೆಯುತ್ತದೆ. ಆದರೂ ಹೊಸ ಸಮಾಜವೊಂದು ಕಣ್ಣೆದುರೇ ಎದ್ದು ನಿಲ್ಲುತ್ತಿದೆ ಎಂಬ ನಂಬಿಕೆಯಿಂದ ಅವರು ಕೊರತೆಗಳನ್ನೆಲ್ಲ ಸಹಿಸಿಕೊಳ್ಳುತ್ತಾರೆ. ಅವರಲ್ಲಿ ಟೋಮಾಸ್ ಎಂಬವನು ಹಂಗೇರಿಯಿಂದ ಬಂದ ಇಲೋನಾ ಎಂಬ ವಿದ್ಯಾರ್ಥಿನಿಯನ್ನು ಪ್ರೀತಿಸುತ್ತಾನೆ. ಹಂಗೇರಿಯಲ್ಲಿ ನಿಜವಾಗಿ ಏನು ನಡೆಯುತ್ತಿದೆ ಎಂದು ಅವಳು ಹೇಳುವುದನ್ನು ಅವನು ಮೊದಲು ನಂಬುವುದಿಲ್ಲ. 1956ರ ಅಕ್ಟೋಬರಿನಲ್ಲಿ ಬುಡಾಪೆಸ್ಟ್ ಬಂಡೆದ್ದು, ನವೆಂಬರಿನಲ್ಲಿ ಸೋವಿಯತ್ ಟ್ಯಾಂಕುಗಳು ಅದನ್ನು ತುಳಿದ ಕಾಲದ ಸುತ್ತಮುತ್ತ, ಅವರಿಬ್ಬರ ಜೀವನವೂ ಆ ಚರಿತ್ರೆಯ ಅಡಿಗೆ ಸಿಲುಕುತ್ತದೆ. ಇಲೋನಾ ಒಂದು ದಿನ ಇರುವುದಿಲ್ಲ.

ಈ ಭಾಗವನ್ನು ನಾನು ಕಾದಂಬರಿಯ ಅತ್ಯುತ್ತಮ ಬರವಣಿಗೆಯೆಂದು ಪರಿಗಣಿಸುತ್ತೇನೆ. ನಮ್ಮ ಜಿಲ್ಲೆಯಲ್ಲಿ ಬೀಡಿ ಮತ್ತು ಹೆಂಚಿನ ಕಾರ್ಖಾನೆಗಳ ಕಾರ್ಮಿಕ ಸಂಘಟನೆಗಳ ಮೂಲಕ ಬೆಳೆದ ಎಡಪಂಥೀಯ ಪರಂಪರೆಯೊಂದಿದೆ. ನವಕರ್ನಾಟಕದ ಮಳಿಗೆಯಲ್ಲಿ ಅತ್ಯಂತ ಕಡಿಮೆ ಬೆಲೆಗೆ ಸಿಗುತ್ತಿದ್ದ ಸೋವಿಯತ್ ಪುಸ್ತಕಗಳ ಗಟ್ಟಿ ರಟ್ಟು, ಬಣ್ಣದ ಚಿತ್ರಗಳು, ಅವುಗಳಿಂದ ಕಲ್ಪಿಸಿಕೊಂಡ ಜಗತ್ತು ನಮ್ಮಲ್ಲಿ ಅನೇಕರ ಬಾಲ್ಯದ ಭಾಗ. ಆ ಹಿನ್ನೆಲೆಯಿಂದ ಬಂದ ಓದುಗನಿಗೆ ಟೋಮಾಸ್‌ನ ನಂಬಿಕೆ ಮೂರ್ಖತನವಾಗಿ ತೋರುವುದಿಲ್ಲ, ಮತ್ತು ಆರ್ನಾಲ್ದುರ್ ಕೂಡ ಅದನ್ನು ಮೂರ್ಖತನವಾಗಿ ಚಿತ್ರಿಸುವುದಿಲ್ಲ. ಬಡ ಮೀನುಗಾರರ, ಕೂಲಿಗಳ ದೇಶದಿಂದ ಹೊರಟ ಹುಡುಗನೊಬ್ಬ ಸಮಾನತೆಯನ್ನು ಬಯಸಿದ್ದರಲ್ಲಿ ತಪ್ಪೇನಿತ್ತು ಎಂಬ ಪ್ರಶ್ನೆಯನ್ನು ಪುಸ್ತಕ ಕೊನೆಯವರೆಗೂ ಜೀವಂತವಾಗಿಡುತ್ತದೆ. ನಾಶವಾಗುವುದು ಅವನ ಬಯಕೆಯಲ್ಲ, ಪಕ್ಕದವನ ಮೇಲಿನ ವಿಶ್ವಾಸ. ಅಲ್ಲಿ ಪ್ರತಿಯೊಬ್ಬನೂ ತನ್ನ ಗೆಳೆಯನ ಬಗ್ಗೆ ವರದಿ ಕೊಡಬೇಕೆಂಬ ವ್ಯವಸ್ಥೆಯಿದೆ. ಒಂದೇ ಮೇಜಿನಲ್ಲಿ ಕುಳಿತು ಊಟ ಹಂಚಿಕೊಂಡ ನಾಲ್ವರಲ್ಲಿ ಮಾತನ್ನು ಹೊರಗೆ ಮುಟ್ಟಿಸಿದವರು ಯಾರು ಎಂಬ ಸಂಶಯ ಒಮ್ಮೆ ಹುಟ್ಟಿದ ಮೇಲೆ ಆ ಮೇಜು ಹಿಂದಿನಂತಾಗುವುದಿಲ್ಲ. ಗೆಳೆಯರ ಮಾತು ಕಡಿಮೆಯಾಗುವುದನ್ನು, ಒಬ್ಬ ಒಳಬಂದ ಕೂಡಲೇ ಇನ್ನೊಬ್ಬ ವಿಷಯ ಬದಲಿಸುವುದನ್ನು, ನಗುವಿನ ನಂತರ ಬರುವ ಸಣ್ಣ ತಡೆಯನ್ನು ಆರ್ನಾಲ್ದುರ್ ಒಂದೊಂದಾಗಿ ಗುರುತಿಸುತ್ತಾರೆ.

ಉರ್ವದಲ್ಲಿರುವ ನನ್ನ ಹಿರಿಯ ಸ್ನೇಹಿತರೊಬ್ಬರು ಪುಸ್ತಕ ಓದಿ, ಲೈಪ್‌ಜಿಗ್‌ನ ಭಾಗವಿಲ್ಲದಿದ್ದರೆ ಇದು ಇನ್ನಷ್ಟು ಬಿಗಿಯಾದ ಕಾದಂಬರಿಯಾಗುತ್ತಿತ್ತು ಎಂದರು. ಅವರ ಅಭಿಪ್ರಾಯಕ್ಕೆ ಕಾರಣವಿದೆ: ತನಿಖೆ ವೇಗ ಪಡೆಯುತ್ತಿರುವಾಗಲೇ ಅಧ್ಯಾಯ ಮುಗಿದು ನಾವು ಐವತ್ತು ವರ್ಷ ಹಿಂದಕ್ಕೆ ಹೋಗುತ್ತೇವೆ. ಆದರೆ ಆ ಭಾಗವನ್ನು ತೆಗೆದರೆ ಪುಸ್ತಕದ ಅರ್ಧ ಅರ್ಥವೇ ಹೋಗುತ್ತದೆಂದು ನನಗನ್ನಿಸುತ್ತದೆ. ಐಸ್‌ಲ್ಯಾಂಡಿನಲ್ಲಿ ಮನುಷ್ಯರನ್ನು ನುಂಗುವುದು ಹಿಮಗಾಳಿ, ಸಮುದ್ರ, ಲಾವಾ ಬಯಲು. ಅವುಗಳಿಗೆ ದ್ವೇಷವಿಲ್ಲ, ದಾಖಲೆಯೂ ಇಲ್ಲ. ಲೈಪ್‌ಜಿಗ್‌ನಲ್ಲಿ ಮನುಷ್ಯರನ್ನು ನುಂಗುವ ವ್ಯವಸ್ಥೆ ಎಲ್ಲವನ್ನೂ ದಾಖಲಿಸುತ್ತದೆ, ಹೇಳುವುದು ಮಾತ್ರ ಇಲ್ಲ. ಹಾಲಿನ ಅಂಗಡಿಯ ಹೆಂಗಸಿಗೆ ಉತ್ತರ ಯಾರ ಬಳಿಯಿದೆ ಎಂಬುದೇ ಗೊತ್ತಿಲ್ಲ. ಟೋಮಾಸ್‌ಗೆ ಉತ್ತರ ಯಾವ ಕಟ್ಟಡದ ಒಳಗಿದೆ ಎಂಬುದು ಗೊತ್ತು, ಆ ಬಾಗಿಲು ಅವನಿಗೆ ತೆರೆಯುವುದಿಲ್ಲ. ಎರಡು ಬಗೆಯ ಕಾಯುವಿಕೆಗಳನ್ನು ಹೀಗೆ ಎದುರುಬದುರಾಗಿ ಇಟ್ಟಿರುವುದರಿಂದಲೇ ಇದು ಸಾಧಾರಣ ಗೂಢಚಾರಿಕೆಯ ಕಥೆಗಿಂತ ಬಹಳ ಮೇಲೆ ನಿಲ್ಲುತ್ತದೆ.

ಇವೆರಡರ ಜೊತೆಗೆ ಎರ್ಲೆಂಡುರ್‌ನ ಸ್ವಂತ ನಷ್ಟವಿದೆ. ಅವನಿಗೆ ಹತ್ತು ವರ್ಷವಾಗಿದ್ದಾಗ, ದೇಶದ ಪೂರ್ವ ಭಾಗದ ಬೆಟ್ಟದಲ್ಲಿ ತಂದೆಯೊಡನೆ ಕುರಿಗಳನ್ನು ಹುಡುಕಲು ಹೋಗಿದ್ದಾಗ ಹಿಮಗಾಳಿ ಎದ್ದಿತು. ಅವನು ತನ್ನ ಎಂಟು ವರ್ಷದ ತಮ್ಮ ಬೆರ್ಗುರ್‌ನ ಕೈ ಹಿಡಿದುಕೊಂಡಿದ್ದ. ಆ ಕೈ ತಪ್ಪಿತು. ಎರ್ಲೆಂಡುರ್‌ನನ್ನು ಹಿಮದಿಂದ ಬದುಕಿಸಿ ತೆಗೆದರು, ತಮ್ಮನ ಸುಳಿವು ಸಿಗಲೇ ಇಲ್ಲ. ಆಮೇಲಿನ ಜೀವಮಾನವೆಲ್ಲ ಅವನು ರಾತ್ರಿ ಕುಳಿತು ಓದುವುದು, ಬೆಟ್ಟಗಳಲ್ಲಿ ದಾರಿ ತಪ್ಪಿ ಸತ್ತವರ, ಬದುಕಿ ಬಂದವರ ಹಳೆಯ ವೃತ್ತಾಂತಗಳನ್ನು. ಈ ಸಂಗತಿಯನ್ನು ಲೇಖಕರು ಭಾವುಕವಾಗಿ ದುಡಿಸಿಕೊಳ್ಳಬಹುದಾಗಿತ್ತು. ಪ್ರತಿ ಅಧ್ಯಾಯದ ಕೊನೆಗೂ ತಮ್ಮನ ನೆನಪನ್ನು ತಂದು ನಿಲ್ಲಿಸಬಹುದಾಗಿತ್ತು. ಅವರು ಹಾಗೆ ಮಾಡಿಲ್ಲ. ಪೂರ್ವದ ಊರುಗಳಲ್ಲಿ ಕೆಲಸ ಮಾಡಿ ಬಂದ ಮಗ ಸಿಂದ್ರಿ ಅಲ್ಲಿನ ಜನರಿಂದ ಆ ಕಥೆಯನ್ನು ಕೇಳಿ ತಿಳಿದುಕೊಂಡಿರುತ್ತಾನೆ. ತಂದೆ ಎಂದೂ ಮಗನಿಗೆ ಹೇಳದ ಸಂಗತಿಯನ್ನು ಮಗ ಪರವೂರಿನವರ ಬಾಯಿಂದ ಕೇಳಿ ಬಂದು ತಂದೆಯ ಮುಂದೆ ಎತ್ತುವ ಆ ಪುಟ್ಟ ಪ್ರಸಂಗ, ತಂದೆ ಮಕ್ಕಳ ನಡುವಿನ ದೂರವನ್ನು ಯಾವ ವಿವರಣೆಗಿಂತಲೂ ಚೆನ್ನಾಗಿ ತೋರಿಸುತ್ತದೆ. ಮಗಳು ಎವಾ ಲಿಂದ್ ಮಾದಕ ವ್ಯಸನದಲ್ಲಿ ಸಿಲುಕಿ ತಂದೆಯಿಂದ ದೂರವಾದವಳು. ಕಳೆದುಹೋದವರನ್ನೆಲ್ಲ ಹುಡುಕುವವನಿಗೆ ತನ್ನ ಮನೆಯ ಮಕ್ಕಳನ್ನು ಹಿಡಿದಿಟ್ಟುಕೊಳ್ಳಲು ಆಗಲಿಲ್ಲವೆಂಬುದನ್ನು ಪುಸ್ತಕ ಎಲ್ಲಿಯೂ ಗಟ್ಟಿಯಾಗಿ ಹೇಳದೆ ತಿಳಿಸುತ್ತದೆ.

ಕೊರತೆಗಳನ್ನೂ ಹೇಳಬೇಕು. ಸಿಗುರ್ದುರ್ ಓಲಿಗೆ ಅಪಘಾತದಲ್ಲಿ ಹೆಂಡತಿ ಮಗಳನ್ನು ಕಳೆದುಕೊಂಡ ಒಬ್ಬ ಮನುಷ್ಯ ಪದೇ ಪದೇ ಫೋನ್ ಮಾಡುವ ಉಪಕಥೆ ಮನಮುಟ್ಟುವಂಥದ್ದೇ ಆದರೂ ಮುಖ್ಯ ಕಥೆಗೆ ಸರಿಯಾಗಿ ಹೆಣೆದುಕೊಂಡಿಲ್ಲ. ಎಲಿನ್‌ಬೋರ್ಗ್ ಅಡುಗೆ ಪುಸ್ತಕ ಪ್ರಕಟಿಸುವ ಪ್ರಸಂಗ ಅವಳ ವ್ಯಕ್ತಿತ್ವಕ್ಕೆ ಬಣ್ಣ ಕೊಡುತ್ತದೆಯೇ ಹೊರತು ತನಿಖಾಧಿಕಾರಿಯಾಗಿ ಅವಳಿಗೆ ಇಲ್ಲಿ ಸಾಕಷ್ಟು ಕೆಲಸವಿಲ್ಲ. ರಾಯಭಾರ ಕಚೇರಿಗಳಿಗೆ ಹೋಗಿ ಬರುವ ಅಧ್ಯಾಯಗಳು ಎಳೆದಂತಿವೆ. ಐಸ್‌ಲ್ಯಾಂಡ್ 1949ರಲ್ಲಿ ನೇಟೊ ಸ್ಥಾಪಕ ರಾಷ್ಟ್ರಗಳಲ್ಲಿ ಒಂದಾಗಿತ್ತು, ತನ್ನದೇ ಸೈನ್ಯವಿಲ್ಲದ ಆ ದೇಶದ ಕೆಫ್ಲಾವಿಕ್‌ನಲ್ಲಿ ಅಮೆರಿಕದ ಸೇನಾ ನೆಲೆಯಿತ್ತು ಎಂಬ ಹಿನ್ನೆಲೆ ಗೊತ್ತಿದ್ದರೆ ಅಲ್ಲಿ ಸೋವಿಯತ್ ಉಪಕರಣ ಏಕೆ ಬಂತು ಎಂಬುದು ಸುಲಭವಾಗಿ ತಿಳಿಯುತ್ತದೆ. ಗೊತ್ತಿಲ್ಲದ ಓದುಗ ಸ್ವಲ್ಪ ದೂರ ಕತ್ತಲಲ್ಲಿ ನಡೆಯಬೇಕು. ಇವೆಲ್ಲಕ್ಕಿಂತ ದೊಡ್ಡ ದೂರು ಇಲೋನಾಳ ಬಗ್ಗೆ. ಅವಳು ಧೈರ್ಯವಂತೆ, ಬುದ್ಧಿವಂತೆ, ಸುಂದರಿ. ಆದರೆ ನಾವು ಅವಳನ್ನು ಟೋಮಾಸ್‌ನ ಕಣ್ಣಿನಿಂದ ಮಾತ್ರ ನೋಡುತ್ತೇವೆ. ಅವಳ ಭಯ, ಅವಳ ಲೆಕ್ಕಾಚಾರ, ಅವಳು ಒಬ್ಬಳೇ ಇದ್ದಾಗ ಏನು ಯೋಚಿಸುತ್ತಿದ್ದಳು ಎಂಬುದು ನಮಗೆ ಸಿಗುವುದಿಲ್ಲ. ಕಾಣೆಯಾದವಳ ಬಗ್ಗೆ ಇಷ್ಟು ಕಾಳಜಿಯಿಂದ ಬರೆದ ಲೇಖಕರು, ಕಾಣೆಯಾಗುವ ಮೊದಲು ಅವಳಿಗೆ ಇನ್ನೂ ನಾಲ್ಕು ಪುಟ ಕೊಡಬೇಕಾಗಿತ್ತು.

ಹೆಸರುಗಳ ತೊಡಕನ್ನೂ ಮೊದಲೇ ತಿಳಿಸುವುದು ಒಳ್ಳೆಯದು. ಐಸ್‌ಲ್ಯಾಂಡಿನವರು ಒಬ್ಬರನ್ನೊಬ್ಬರು ಮೊದಲ ಹೆಸರಿನಿಂದಲೇ ಕರೆಯುತ್ತಾರೆ, ನಮ್ಮಲ್ಲಿರುವಂತೆ ಮನೆತನದ ಹೆಸರು ಅವರಿಗೆ ಸಾಮಾನ್ಯವಾಗಿ ಇರುವುದಿಲ್ಲ. ತಂದೆಯ ಹೆಸರಿಗೆ ಮಗ ಅಥವಾ ಮಗಳು ಎಂಬರ್ಥದ ಪ್ರತ್ಯಯ ಸೇರಿಸುತ್ತಾರೆ. ಹನ್ನೆರಡು ಹದಿಮೂರು ಪಾತ್ರಗಳನ್ನು ನೆನಪಿನಲ್ಲಿಡಲು ಮೊದಲ ಐವತ್ತು ಪುಟ ನಿಧಾನವಾಗಿ ಓದಬೇಕು. ಎರ್ಲೆಂಡುರ್‌ನ ಹಳೆಯ ಗುರು ಮರಿಯನ್ ಬ್ರಿಯೆಮ್ ಗಂಡೋ ಹೆಣ್ಣೋ ಎಂಬುದನ್ನು ಲೇಖಕರು ಬೇಕೆಂದೇ ಎಲ್ಲಿಯೂ ಹೇಳಿಲ್ಲ. ಕಾಯಿಲೆ ಬಿದ್ದು ಹಳೆಯ ಕೌಬಾಯ್ ಸಿನಿಮಾಗಳನ್ನು ನೋಡುತ್ತಾ ಮಲಗಿರುವ ಆ ವ್ಯಕ್ತಿಯೊಡನೆ ಎರ್ಲೆಂಡುರ್ ನಡೆಸುವ ಒರಟು ಮಾತುಕತೆಗಳಲ್ಲಿ ತುಂಬ ಪ್ರೀತಿಯಿದೆ.

ಸ್ಕಡರ್ ಅವರ ಇಂಗ್ಲಿಷ್ ಸಣ್ಣ ವಾಕ್ಯಗಳದ್ದು, ಅಲಂಕಾರವಿಲ್ಲದ್ದು. ಇಂಗ್ಲಿಷ್ ಕಾದಂಬರಿಗಳ ಅಭ್ಯಾಸ ಹೆಚ್ಚಿಲ್ಲದ ಕನ್ನಡ ಓದುಗರೂ ಆತಂಕವಿಲ್ಲದೆ ಓದಬಹುದು. ಆರ್ನಾಲ್ದುರ್ ಅವರ ನಾಲ್ಕು ಪುಸ್ತಕಗಳನ್ನು ಅವರು ಸಂಪೂರ್ಣವಾಗಿ ಅನುವಾದಿಸಿ, ಐದನೆಯದನ್ನು ಮಾಡುತ್ತಿದ್ದಾಗ 2007ರಲ್ಲಿ ತೀರಿಕೊಂಡರು. ಅದನ್ನು ವಿಕ್ಟೋರಿಯಾ ಕ್ರಿಬ್ ಪೂರ್ಣಗೊಳಿಸಿದರು, ಮುಂದಿನವುಗಳಲ್ಲಿ ಹೆಚ್ಚಿನವನ್ನೂ ಅವರೇ ಮಾಡಿದ್ದಾರೆ. ಎಲ್ಲಿಯೂ ದನಿ ಬದಲಾದಂತೆ ಅನ್ನಿಸುವುದಿಲ್ಲ.

ರಕ್ತಪಾತ, ಬೆನ್ನಟ್ಟುವಿಕೆ, ಪ್ರತಿ ಹತ್ತು ಪುಟಕ್ಕೊಂದು ತಿರುವು ಬೇಕೆನ್ನುವವರಿಗೆ ಈ ಪುಸ್ತಕ ಹಿಡಿಸಲಾರದು. ಇಲ್ಲಿ ಬಂದೂಕು ಹಿಡಿದ ಪೊಲೀಸರಿಲ್ಲ. ಬಹುಪಾಲು ತನಿಖೆ ವೃದ್ಧರ ಮನೆಯ ಕೋಣೆಗಳಲ್ಲಿ, ಆರೈಕೆ ಗೃಹಗಳ ಹಾಸಿಗೆಯ ಪಕ್ಕದಲ್ಲಿ, ಆರಿದ ಕಾಫಿಯ ಮುಂದೆ ನಡೆಯುತ್ತದೆ. ಎರ್ಲೆಂಡುರ್ ಕೂಗಾಡುವುದು ಅಪರೂಪ, ಕೂಗಾಡಿದಾಗಲೂ ಅದು ತನ್ನ ಮೇಲಿನ ಸಿಟ್ಟು. ವಯಸ್ಸಾದ ಸಾಕ್ಷಿಗಳು ಸುಳ್ಳು ಹೇಳುತ್ತಾರೆ, ಮರೆತಿದ್ದೇವೆ ಎನ್ನುತ್ತಾರೆ, ನಿಜವಾಗಿಯೂ ಮರೆತಿರುತ್ತಾರೆ. ಇವು ಮೂರರ ವ್ಯತ್ಯಾಸವನ್ನು ಅವನು ತಾಳ್ಮೆಯಿಂದ ಬೇರ್ಪಡಿಸುತ್ತಾನೆ. ಮರೆವನ್ನೇ ಅಪರಾಧದ ಸ್ಥಳವೆಂದು ಭಾವಿಸಿ ಅಳೆದು ಗುರುತು ಹಾಕುವ ಈ ಕ್ರಮ ನನಗೆ ಅತ್ಯಂತ ಮೆಚ್ಚುಗೆಯಾಯಿತು. ನಮ್ಮಲ್ಲಿ ಹಳೆಯ ಜಮೀನಿನ ವ್ಯಾಜ್ಯಗಳಲ್ಲಿ ಹಿರಿಯರ ಹೇಳಿಕೆ ಪಡೆಯಲು ಕುಳಿತ ವಕೀಲರಿಗೆ ಈ ತಾಳ್ಮೆಯ ಬೆಲೆ ಗೊತ್ತಿರುತ್ತದೆ.

ಕೊನೆಯ ಅಧ್ಯಾಯಗಳ ಬಗ್ಗೆ ಹೆಚ್ಚು ಹೇಳಿದರೆ ಓದುವವರಿಗೆ ಅನ್ಯಾಯವಾಗುತ್ತದೆ. ಸರೋವರದ ಅಸ್ಥಿಪಂಜರ ಯಾರದ್ದೆಂಬುದು ತಿಳಿಯುತ್ತದೆ, ಅದನ್ನು ನೀರಿಗೆ ಇಳಿಸಿದವರು ಯಾರೆಂಬುದೂ ತಿಳಿಯುತ್ತದೆ. ಲೈಪ್‌ಜಿಗ್ ಮತ್ತು ರೇಕ್ಯಾವಿಕ್‌ನ ಎಳೆಗಳು ಸೇರುವ ಬಗೆಯನ್ನು ಎಚ್ಚರದ ಓದುಗ ಮುಕ್ಕಾಲು ಭಾಗದ ಹೊತ್ತಿಗೆ ಊಹಿಸಬಲ್ಲ. ಊಹಿಸಿದ್ದರಿಂದ ಓದಿನ ತೀವ್ರತೆಗೆ ಏನೂ ಕುಂದಾಗುವುದಿಲ್ಲ, ಏಕೆಂದರೆ ಆ ಹೊತ್ತಿಗೆ ನಮಗೆ ಬೇಕಾಗಿರುವುದು ಕೊಲೆಗಾರನ ಹೆಸರಿಗಿಂತ, ಹಾಲಿನ ಅಂಗಡಿಯ ಹೆಂಗಸಿಗೆ ಯಾರಾದರೂ ಹೋಗಿ ನಿಜ ಹೇಳುತ್ತಾರೆಯೇ ಎಂಬುದು. ಆ ಪ್ರಶ್ನೆಗೆ ಲೇಖಕರು ಕೊಟ್ಟಿರುವ ಉತ್ತರ ಪ್ರಾಮಾಣಿಕವಾದದ್ದು. ಎರಡೂ ಕಡೆಯ ಕಾಯುವಿಕೆಗೆ ಸಮಾನವಾದ ನ್ಯಾಯ ಸಿಗುವುದಿಲ್ಲ, ಸಿಗಬೇಕೆಂದು ನಾವು ಬಯಸುವುದೂ ಲೇಖಕರಿಗೆ ಗೊತ್ತಿದೆ.

ಇದನ್ನು ಓದಿ ಮೆಚ್ಚಿದವರು ಮಾಲೆಯನ್ನು ಮುಂದುವರಿಸುವುದಾದರೆ, ಬೆರ್ಗುರ್‌ನ ಎಳೆ 2010ರಲ್ಲಿ ಐಸ್‌ಲ್ಯಾಂಡಿಕ್ ಭಾಷೆಯಲ್ಲಿ, 2013ರಲ್ಲಿ ‘ಸ್ಟ್ರೇಂಜ್ ಶೋರ್ಸ್’ ಎಂಬ ಹೆಸರಿನಿಂದ ಇಂಗ್ಲಿಷಿನಲ್ಲಿ ಬಂದ ಕಾದಂಬರಿಯಲ್ಲಿ ಮತ್ತೆ ಮುಖ್ಯವಾಗುತ್ತದೆ. ಅಲ್ಲಿ ಎರ್ಲೆಂಡುರ್ ರೇಕ್ಯಾವಿಕ್ ಬಿಟ್ಟು ತಾನು ಹುಟ್ಟಿದ ಪಾಳುಮನೆಗೆ ಹೋಗಿ ತಂಗುತ್ತಾನೆ, 1942ರ ಚಳಿಗಾಲದ ಬಿರುಗಾಳಿಯಲ್ಲಿ ಕಾಣೆಯಾದ ಹೆಂಗಸೊಬ್ಬಳ ಬಗ್ಗೆ ಊರಿನ ಮುದುಕರನ್ನು ವಿಚಾರಿಸುತ್ತಾನೆ. ಅದನ್ನು ಮೊದಲು ಓದಬಾರದೆಂದು ನನ್ನ ಸಲಹೆ. ‘ದಿ ಡ್ರೈನಿಂಗ್ ಲೇಕ್’ ಓದಿದ ಮೇಲೆ, ನಡುವಿನ ಎರಡು ಮೂರು ಪುಸ್ತಕಗಳನ್ನೂ ಮುಗಿಸಿಕೊಂಡು ಅಲ್ಲಿಗೆ ಹೋದರೆ, ಅವನು ಆ ಪಾಳುಮನೆಯಲ್ಲಿ ಏಕೆ ಮಲಗಿ ನಿದ್ರಿಸುತ್ತಿದ್ದಾನೆ ಎಂಬುದನ್ನು ಯಾರೂ ವಿವರಿಸಿ ಹೇಳಬೇಕಾಗುವುದಿಲ್ಲ.